ಪಾಠ ಹೇಳಲು ಬರುವ ಮೊದಲು ಮಾಡಿದ ಕೆಲಸವನ್ನು ಮಕ್ಕಳ ಮುಂದೆ ಹೇಳಿಕೊಳ್ಳಬೇಕೇ?

ಪ್ರಶ್ನೆ: ಶಿಡ್ಲಘಟ್ಟದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ವಿಜ್ಞಾನ ಮತ್ತು ಗಣಿತ ಹೇಳಿಕೊಡುತ್ತೇನೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ನಡೆದ ನೇಮಕಾತಿಯಲ್ಲಿ ಆಯ್ಕೆಯಾದವಳು. ಕೆಲಸಕ್ಕೆ ಸೇರಿದ ದಿನ ನನಗೆ 36 ವರ್ಷ ತುಂಬಿತ್ತು.

ಅದಕ್ಕೆ ಮೊದಲು 11 ವರ್ಷ ನಾನು ರೇಷ್ಮೆ ನೂಲು ಬಿಚ್ಚುತ್ತಿದ್ದೆ. ಬಿ.ಎಸ್ಸಿ. ಮುಗಿದ ಮರುವರ್ಷವೇ ಮದುವೆಯಾಯಿತು. ಗಂಡನ ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡಿನಲ್ಲಿ ಅತ್ತೆಯವರು, ನಾನು ಮತ್ತು ಇನ್ನಿಬ್ಬರು ಹೆಂಗಸರು ಬೆಳಗಿನ ಐದೂವರೆಗೆ ಒಲೆ ಹಚ್ಚುತ್ತಿದ್ದೆವು. ಮಾರುಕಟ್ಟೆಯ ಹರಾಜಿನಲ್ಲಿ ಹಿಡಿದ ರೇಷ್ಮೆ ಗೂಡನ್ನು ಕುದಿಯುವ ನೀರಿಗೆ ಹಾಕಿ, ಅಂಟು ಬಿಟ್ಟ ಮೇಲೆ ಎಳೆಯ ತುದಿ ಹಿಡಿದು, ಎಂಟು ಒಂಬತ್ತು ಗೂಡುಗಳ ಎಳೆಗಳನ್ನು ಒಂದಾಗಿಸಿ ನೂಲಿಗೆ ಕೊಡುವುದು ನನ್ನ ಕೆಲಸವಾಗಿತ್ತು. ಬೆರಳ ತುದಿಗಳು ಸದಾ ಬೆಳ್ಳಗೆ ನೆನೆದು ಸುಕ್ಕಾಗಿರುತ್ತಿದ್ದವು, ರಜೆಯ ದಿನವೂ ತಲೆಗೂದಲಿನಿಂದ ಬೆಂದ ಹುಳುವಿನ ವಾಸನೆ ಹೋಗುತ್ತಿರಲಿಲ್ಲ. ನಡುವೆ ಎರಡು ವರ್ಷ ಬಿ.ಎಡ್. ಓದಿದ್ದೂ ಈ ಶೆಡ್ಡಿನಿಂದಲೇ ಹೋಗಿ ಬಂದು; ಅದರಲ್ಲಿ 20 ವಾರಗಳ ಶಾಲಾ ಅನುಭವದ ಅವಧಿಯಲ್ಲಂತೂ ಬೆಳಿಗ್ಗೆ ಒಂದು ಒಬ್ಬೆ ಗೂಡು ಬೇಯಿಸಿಟ್ಟು, ಸೀರೆ ಬದಲಿಸಿಕೊಂಡು ಬಸ್ಸು ಹಿಡಿಯುತ್ತಿದ್ದೆ. ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆಗೆ ಓದುವಾಗ ಶಿಶು ವಿಕಾಸದ ಟಿಪ್ಪಣಿಗಳನ್ನು ಹಾಳೆಯಲ್ಲಿ ಬರೆದು ಎದುರಿನ ಗೋಡೆಗೆ ಅಂಟಿಸುತ್ತಿದ್ದೆ. ಹಬೆಗೆ ಅಂಟು ಬಿಟ್ಟು ಅವು ವಾರಕ್ಕೊಮ್ಮೆ ಕೆಳಗೆ ಬೀಳುತ್ತಿದ್ದವು, ಮತ್ತೆ ಬರೆಯುತ್ತಿದ್ದೆ. ಹಾಗೆ ಬರೆದೂ ಬರೆದೂ ಬಾಯಿಪಾಠವಾಯಿತು.

ಈಗ ಪ್ರಶ್ನೆಗೆ ಬರುತ್ತೇನೆ. ನನ್ನ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮನೆಯಲ್ಲಿ ಹುಳು ಸಾಕಣೆ ಇದೆ ಅಥವಾ ನೂಲು ಬಿಚ್ಚುವ ಕೆಲಸವಿದೆ. ಒಂದು ದಿನ ಪಾಠದ ನಡುವೆ, ಈ ಕೆಲಸವನ್ನು ನಾನೂ ಮಾಡಿದವಳು ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಕಾರಣ, ಶಾಲೆಗೆ ಸೇರಿದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಮೇಲಿನ ಅಕ್ಕರೆಯಿಂದಲೇ, ‘ಮೇಡಂ, ಹಿಂದಿನದನ್ನೆಲ್ಲ ಮಕ್ಕಳ ಹತ್ತಿರ, ಪೋಷಕರ ಹತ್ತಿರ ಹೇಳಿಕೊಳ್ಳಬೇಡಿ, ನಮ್ಮ ಜೊತೆ ಒಲೆ ಮುಂದೆ ಕೂತಿದ್ದವಳು ನಮ್ಮ ಮಕ್ಕಳಿಗೇನು ಕಲಿಸುತ್ತಾಳೆ ಎನ್ನುತ್ತಾರೆ’ ಎಂದು ಹೇಳಿದ್ದರು. ಅವರ ಮಾತು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ, ಸರಿಯೆಂದು ಒಪ್ಪಲು ಮನಸ್ಸೂ ಇಲ್ಲ. ಬೇರೆ ಕೆಲಸ ಮಾಡಿ ಆಮೇಲೆ ಶಿಕ್ಷಕರಾದವರು ಇಲ್ಲಿ ಹಲವರಿದ್ದೀರಿ. ನಿಮ್ಮ ಹಿಂದಿನ ಬದುಕು ತರಗತಿಯೊಳಗೆ ಬಂತೇ, ಬಂದಿದ್ದರೆ ಹೇಗೆ ಬಂತು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ಗಣಿತ ಶಿಕ್ಷಕ, ಶ್ರೀನಿವಾಸಪುರ

ಮೇಡಂ, ನಿಮ್ಮ ಪತ್ರ ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವ ಮೊದಲು ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಏಳು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ತಂದೆ ತೀರಿಕೊಂಡರು, ಇಬ್ಬರು ತಂಗಿಯರ ಜವಾಬ್ದಾರಿ ನನ್ನ ಮೇಲಿತ್ತು, ಮಂಡಿಯಲ್ಲಿ ಕೆಲಸ ಸಿಕ್ಕಿತು, ಸೇರಿಕೊಂಡೆ. ಬಿ.ಎಡ್.ಗೆ ಹೋಗುವ ಹೊತ್ತಿಗೆ 29 ವರ್ಷವಾಗಿತ್ತು. ಆಗ ಅದು ಒಂದೇ ವರ್ಷದ ಓದು; 2015ರಿಂದ ಎರಡು ವರ್ಷವಾದದ್ದು ನನ್ನಂಥವರಿಗೆ ಎಷ್ಟು ಕಷ್ಟವಾಗಿರಬಹುದು ಎಂದು ಈಗಲೂ ಯೋಚಿಸುತ್ತೇನೆ, ಏಕೆಂದರೆ ಒಂದು ವರ್ಷದ ಸಂಬಳವನ್ನು ಹೇಗೋ ಬಿಡಬಹುದು, ಎರಡು ವರ್ಷದ್ದನ್ನು ಬಿಟ್ಟರೆ ಮನೆ ನಡೆಯುವುದಿಲ್ಲ.

ಮೊದಲ ಮೂರು ವರ್ಷ ನಾನೂ ಯಾರಿಗೂ ಹೇಳಲಿಲ್ಲ. ಹತ್ತನೇ ತರಗತಿಗೆ ಸಂಖ್ಯಾಶಾಸ್ತ್ರದ ಅಧ್ಯಾಯ ಹೇಳುವಾಗ ಮಕ್ಕಳು ಆವೃತ್ತಿಯ (ಒಂದು ಸಂಖ್ಯೆ ಎಷ್ಟು ಸಲ ಬಂದಿದೆ ಎಂಬುದರ) ಕೋಷ್ಟಕವನ್ನು ಸರಿಯಾಗಿಯೇ ಬರೆಯುತ್ತಿದ್ದರು, ಸೂತ್ರ ಹಾಕುತ್ತಿದ್ದರು, ಉತ್ತರವೂ ಬರುತ್ತಿತ್ತು. ಆದರೆ ಆವೃತ್ತಿಯಿಂದ ಯಾಕೆ ಗುಣಿಸಬೇಕು ಎಂದು ಕೇಳಿದರೆ ಒಬ್ಬರಿಗೂ ಬಾಯಿ ಬರುತ್ತಿರಲಿಲ್ಲ. ಒಂದು ದಿನ ಬೇಸತ್ತು ಪುಸ್ತಕ ಮುಚ್ಚಿಟ್ಟು, ಕಪ್ಪುಹಲಗೆಯ ಮೇಲೆ ಮಂಡಿಯ ಪಟ್ಟಿಯನ್ನೇ ಬರೆದೆ. ರೈತ ತಂದದ್ದು 40 ಬಾಕ್ಸ್, ಒಂದೊಂದೂ 15 ಕೆ.ಜಿ. ಹರಾಜಿನಲ್ಲಿ 12 ಬಾಕ್ಸಿಗೆ ತಲಾ 300 ರೂಪಾಯಿ, 20 ಬಾಕ್ಸಿಗೆ ತಲಾ 220, ಕೊನೆಯ 8 ಬಾಕ್ಸಿಗೆ ಕಾಯಿ ಸಣ್ಣದಾದ್ದರಿಂದ ತಲಾ 90. ‘ಸರಾಸರಿ ದರ ಎಷ್ಟು ಬಿತ್ತು?’ ಎಂದು ಕೇಳಿದೆ. ಮೂರು ದರವನ್ನೂ ಕೂಡಿ ಮೂರರಿಂದ ಭಾಗಿಸಿ 203 ಎಂದರು. ‘ಹಾಗಾದರೆ ರೈತನಿಗೆ 203ರ ಲೆಕ್ಕದಲ್ಲೇ ದುಡ್ಡು ಕೊಡೋಣವೇ?’ ಎಂದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, ‘ಬೇಡ ಸರ್, ಮೋಸವಾಗುತ್ತದೆ, ಹೆಚ್ಚು ಬಾಕ್ಸ್ ಹೋಗಿರುವುದು 220ಕ್ಕೆ’ ಎಂದ. ಒಟ್ಟು 8,720 ರೂಪಾಯಿ, ಬಾಕ್ಸಿಗೆ 218. ಬಾಯಿ ಲೆಕ್ಕದ ಸರಾಸರಿಯಿಂದ ಕೊಟ್ಟಿದ್ದರೆ ಆ ರೈತ ಐದುನೂರು ಎಂಬತ್ತಕ್ಕೂ ಹೆಚ್ಚು ರೂಪಾಯಿ ಕಳೆದುಕೊಳ್ಳುತ್ತಿದ್ದ. ಆ ಹುಡುಗನಿಗೆ ಅದುವರೆಗೆ ಗಣಿತದಲ್ಲಿ ಇಪ್ಪತ್ತು ಅಂಕ ದಾಟಿದ್ದು ನಾನು ಕಂಡಿರಲಿಲ್ಲ. ಅವನ ಮನೆಯಲ್ಲಿ ಒಂದೂವರೆ ಎಕರೆ ಟೊಮೆಟೊ ಇತ್ತು.

ಈ ಲೆಕ್ಕ ನಿಮಗೆ ಹೇಗೆ ಗೊತ್ತು ಎಂದು ಮಕ್ಕಳೇ ಕೇಳಿದರು, ಮಂಡಿಯಲ್ಲಿ ಬರೆಯುತ್ತಿದ್ದೆ ಎಂದು ಹೇಳಿದೆ. ಅಷ್ಟೇ. ಗೌರವ ಕಡಿಮೆಯಾಗಲಿಲ್ಲ. 2023ರ ಜುಲೈನಲ್ಲಿ ಬಾಕ್ಸಿನ ದರ ಎರಡು ಸಾವಿರ ದಾಟಿದಾಗ ಪೋಷಕರು ತಮ್ಮ ಪಟ್ಟಿಗಳನ್ನು ತಂದು, ಕಮಿಷನ್ ಎಷ್ಟು ಹಿಡಿದಿದ್ದಾರೆ, ಕೂಲಿ ಎಷ್ಟು ಹಾಕಿದ್ದಾರೆ, ಸ್ವಲ್ಪ ನೋಡಿ ಮೇಷ್ಟ್ರೇ ಎಂದು ಶಾಲೆಯ ಗೇಟಿನ ಬಳಿ ನಿಲ್ಲುತ್ತಿದ್ದರು. ನಿಮ್ಮ ಸಹೋದ್ಯೋಗಿ ಹೇಳಿದ್ದು ನಡೆಯುವುದೇ ಇಲ್ಲ ಎನ್ನಲಾರೆ, ನನ್ನ ವಿಷಯದಲ್ಲಿ ನಡೆಯಲಿಲ್ಲ.

ಉತ್ತರ 2: ಕನ್ನಡ ಮೇಷ್ಟ್ರು, ಪಾವಗಡ

ಶ್ರೀನಿವಾಸಪುರದ ಸರ್ ಬರೆದದ್ದಕ್ಕೆ ನನ್ನದೂ ಒಂದು ಮಾತು ಸೇರಿಸುತ್ತೇನೆ. ಶಿಕ್ಷಕನಾಗುವ ಮೊದಲು ನಾನು ಆರು ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಹೆಚ್ಚಿನ ದಿನಗಳಲ್ಲಿ ನನ್ನದು ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸು. ಕನ್ನಡದಲ್ಲಿ ಬಿ.ಎ. ಮಾಡಿ, ಬಿ.ಎಡ್. ಕೂಡ ಮುಗಿಸಿ, ಪ್ರೌಢಶಾಲಾ ಶಿಕ್ಷಕರ ಹುದ್ದೆ ಕರೆಯುವುದನ್ನೇ ಕಾಯುತ್ತ ಕೂರಲಾಗದೆ ಸೇರಿದ ಕೆಲಸವದು. ಕಂಬಿಗೆ ಮೊಣಕೈ ಕೊಟ್ಟು ನಿಂತು, ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ನೋಟು ಹಿಡಿದು, ಮುಂದಿನ ಸ್ಟೇಜ್ ಬರುವುದರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಬೇಕು. ಅರವತ್ತು ಜನರಲ್ಲಿ ಯಾರು ಹೊಸದಾಗಿ ಹತ್ತಿದರು, ಯಾರು ಮುಖ ತಪ್ಪಿಸುತ್ತಿದ್ದಾರೆ ಎಂಬುದನ್ನು ಒಂದೇ ನೋಟಕ್ಕೆ ಹಿಡಿಯುವ ಅಭ್ಯಾಸ ಆಗ ಕಣ್ಣಿಗೆ ಬಂದದ್ದು, ಈಗ ತರಗತಿಯಲ್ಲಿ ಯಾವ ಮಗು ಊಟ ಮಾಡದೆ ಬಂದಿದೆ ಎಂಬುದನ್ನು ಹಿಡಿಯುತ್ತದೆ.

ಆದರೆ ಬಸ್ಸಿನಿಂದ ನಾನು ನಿಜವಾಗಿ ಗಳಿಸಿದ್ದು ತೆಲುಗು. ಪಾವಗಡ ತಾಲ್ಲೂಕಿನ ಬಹುಭಾಗವನ್ನು ಆಂಧ್ರವೇ ಸುತ್ತುವರಿದಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಗು ಮೊದಲು ಕೇಳುವುದು ತೆಲುಗನ್ನೇ. ನಾನು ಇಲ್ಲಿಗೆ ಕನ್ನಡ ಶಿಕ್ಷಕನಾಗಿ ಬಂದಾಗ ಮಕ್ಕಳು ಮನೆಮಾತು ಬಾಯಿಗೆ ಬಂದ ಕೂಡಲೇ ಹೆದರಿ ತುಟಿ ಕಚ್ಚಿಕೊಳ್ಳುತ್ತಿದ್ದರು. ಹಳಗನ್ನಡ ಪದ್ಯವೆಂದರೆ ಅವರಿಗೆ ಕಬ್ಬಿಣದ ಕಡಲೆ. ಒಂದು ದಿನ ಹಲಗೆಯ ಮೇಲೆ ಹಾಲು, ಹುಲಿ, ಹಗಲು, ಹೂವು ಎಂದು ಬರೆದು, ಇವನ್ನು ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. ಪಾಲು, ಪುಲಿ, ಪಗಲು, ಪುವ್ವು ಎಂದು ಒಬ್ಬೊಬ್ಬರಾಗಿ ಹೇಳಿದರು. ಅದರ ಪಕ್ಕದಲ್ಲಿ ಹಳಗನ್ನಡದ ಪಾಲ್, ಪುಲಿ, ಪಗಲ್, ಪೂ ಎಂದು ಬರೆದೆ. ಸಾವಿರ ವರ್ಷದ ಹಿಂದಿನ ಕನ್ನಡದಲ್ಲಿ ಪಕಾರವಿದ್ದದ್ದು ನಮ್ಮ ಬಾಯಲ್ಲಿ ಹಕಾರವಾಯಿತು, ನಿಮ್ಮ ಅಜ್ಜಿಯ ಬಾಯಲ್ಲಿ ಹಾಗೆಯೇ ಉಳಿದಿದೆ ಎಂದು ಹೇಳಿದಾಗ ಆ ಮಕ್ಕಳ ಮುಖಗಳನ್ನು ನೀವು ನೋಡಬೇಕಿತ್ತು. ಅದೇ ವಾರ ಒಬ್ಬಳು ತನ್ನ ಅಜ್ಜಿಯಿಂದ ಇಂಥ ಹದಿನಾಲ್ಕು ಪದಗಳನ್ನು ಬರೆಸಿಕೊಂಡು ತಂದಿದ್ದಳು. ಅದರಲ್ಲಿ ಮೂರು ಈ ನಿಯಮಕ್ಕೆ ಸೇರುತ್ತಿರಲಿಲ್ಲ, ಯಾಕೆ ಸೇರುವುದಿಲ್ಲ ಎಂಬುದೇ ಮರುದಿನದ ಪಾಠವಾಯಿತು.

ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಚೆನ್ನಾಗಿ ಕಲಿಸಿದರು, ಅದಕ್ಕೆ ನಾನು ಋಣಿ. ಈ ನಾಲ್ಕು ಪದಗಳನ್ನು ನನಗೆ ಕೊಟ್ಟವರು ಮಾತ್ರ ಮಧುಗಿರಿಯಿಂದ ಮುಂದಕ್ಕೆ ಹೂವಿನ ಬುಟ್ಟಿ, ಹಾಲಿನ ಕ್ಯಾನು ಹಿಡಿದು ಹತ್ತುತ್ತಿದ್ದ ಹೆಂಗಸರು. ಅದನ್ನು ಮಕ್ಕಳಿಗೆ ಹೇಳದೆ ಇದ್ದರೆ ಕದ್ದ ಹಾಗಾಗುತ್ತದೆ ಎಂದು ನನಗೆ ಅನ್ನಿಸಿತು, ಹೇಳಿದೆ.

ಉತ್ತರ 3: ಅತಿಥಿ ಶಿಕ್ಷಕಿ, ಚಿಂತಾಮಣಿ

ಹಿರಿಯರಿಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕಾಗಿದೆ, ತಪ್ಪು ತಿಳಿಯಬಾರದು.

‘ಶಿಕ್ಷಕರಾಗುವ ಮೊದಲು’ ಎಂದು ನೀವೆಲ್ಲ ಬರೆಯುತ್ತಿದ್ದೀರಿ. ನನಗೆ ಆ ಮೊದಲು ಇನ್ನೂ ಮುಗಿದಿಲ್ಲ. ಏಳು ವರ್ಷದಿಂದ ಪ್ರತಿ ಜೂನ್ ತಿಂಗಳಲ್ಲಿ ಅರ್ಜಿ ಹಾಕಿ, ಆ ವರ್ಷದ ಮಟ್ಟಿಗೆ ಸೇರಿ, ಬೇಸಿಗೆ ರಜೆಯಲ್ಲಿ ಗೌರವಧನವಿಲ್ಲದೆ ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತೇನೆ. ವರ್ಗಾವಣೆಯಲ್ಲಿ ಕಾಯಂ ಶಿಕ್ಷಕರು ಬಂದರೆ ವರ್ಷದ ನಡುವೆಯೇ ಹೊರಡಬೇಕು; ಒಮ್ಮೆ ಭಿನ್ನರಾಶಿಯ ಪಾಠ ಅರ್ಧಕ್ಕೆ ಬಿಟ್ಟು ಹೊರಟೆ. ಹೀಗಿರುವಾಗ ಹಿಂದಿನ ಕೆಲಸವೆಲ್ಲ ಅನುಭವದ ಗಂಟು ಎಂದು ಹೇಳುವುದು ಕಾಯಂ ಆದವರಿಗೆ ಸುಲಭ. ನನ್ನ ಗೆಳತಿಯರಲ್ಲಿ ನಾಲ್ವರು ಡಿ.ಎಡ್. ಮಾಡಿ, ಟಿಇಟಿ ಪಾಸಾಗಿ, ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾರೆ. ಅವರ ಅನುಭವ ಯಾವ ತರಗತಿಗೂ ಬರಲಿಲ್ಲ. 2021ರಲ್ಲಿ ಟಿಇಟಿ ಪ್ರಮಾಣಪತ್ರಕ್ಕೆ ಜೀವಿತಾವಧಿಯ ಮಾನ್ಯತೆ ಸಿಕ್ಕಾಗ ಎಲ್ಲರಿಗೂ ಸಂತೋಷವಾಯಿತು, ಆದರೆ ಪ್ರಮಾಣಪತ್ರಕ್ಕೆ ವಯಸ್ಸಾಗುವುದಿಲ್ಲ, ನಮಗಾಗುತ್ತದೆ.

ಇನ್ನು ಶಿಡ್ಲಘಟ್ಟದ ಅಕ್ಕನವರ ಪ್ರಶ್ನೆಗೆ ಬಂದರೆ, ನಾನು ಕೇಳುವುದು ಒಂದನ್ನು. ನೀವು ಒಲೆಯ ಮುಂದೆ ಪಟ್ಟ ಕಷ್ಟವನ್ನು ಮಕ್ಕಳಿಗೆ ಹೇಳಿ, ಓದಿದ್ದರಿಂದ ಅದರಿಂದ ಪಾರಾದೆ ಎಂದರೆ, ಈ ಹೊತ್ತು ಬೆಳಿಗ್ಗೆ ತನ್ನ ತಾಯಿ ಅದೇ ಒಲೆ ಹಚ್ಚಿದ್ದನ್ನು ನೋಡಿ ಬಂದ ಮಗು ಏನೆಂದುಕೊಳ್ಳಬೇಕು? ನಿಮಗೆ ಅದು ಮುಗಿದ ಕಥೆ, ಆ ಮಗುವಿಗೆ ಅದು ಮನೆ. ನನ್ನ ಶಾಲಾ ದಿನಗಳಲ್ಲಿ ಶಿಕ್ಷಕರೊಬ್ಬರು ಓದದಿದ್ದರೆ ನಿಮ್ಮಪ್ಪನ ಹಾಗೆ ಕಲ್ಲು ಒಡೆಯಬೇಕಾಗುತ್ತದೆ ಎಂದು ಎಲ್ಲರೆದುರು ಹೇಳಿದ್ದರು, ಅವರ ಉದ್ದೇಶ ಒಳ್ಳೆಯದೇ ಇತ್ತು. ಆ ಸಂಜೆ ಅಪ್ಪ ಮನೆಗೆ ಬಂದಾಗ ನಾನು ಅವರ ಮುಖ ನೋಡಲಿಲ್ಲ. ಮೂವತ್ತು ವರ್ಷವಾದರೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ವಿಷಯವನ್ನೂ ಯೋಚಿಸಿ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದೆ. ಮನೆಯ ಕಸುಬಿನಲ್ಲಿ, ಅದು ಅಪಾಯದ್ದಲ್ಲದಿದ್ದರೆ, ಶಾಲೆಯ ವೇಳೆಯ ಹೊರಗೆ ನೆರವಾಗುವುದಕ್ಕೆ ವಿನಾಯಿತಿ ಇದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುವ ರಾತ್ರಿ ಯಾವ ಮನೆಯಲ್ಲಿ ಮಕ್ಕಳು ಮಲಗಿರುವುದಿಲ್ಲ, ಯಾವ ಮಗುವಿನ ಬೆರಳು ಬಿಸಿನೀರಿಗೆ ಸುಟ್ಟಿದೆ ಎಂಬುದನ್ನು ನಿಮ್ಮಷ್ಟು ಬೇಗ ಗುರುತಿಸುವವರು ನಿಮ್ಮ ಶಾಲೆಯಲ್ಲಿ ಬೇರೆ ಯಾರೂ ಇರಲಾರರು. ನಿಮ್ಮ ಅನುಭವವನ್ನು ಹೇಳುವುದಕ್ಕಿಂತ ಅದಕ್ಕೆ ಬಳಸಿ ಎಂಬುದು ನನ್ನ ಬೇಡಿಕೆ.

ಉತ್ತರ 4: ನಿವೃತ್ತ ಮುಖ್ಯೋಪಾಧ್ಯಾಯ, ಗೌರಿಬಿದನೂರು

ತಾಯಂದಿರೇ, ಚಿಂತಾಮಣಿಯ ಮಗಳು ಬರೆದದ್ದು ನನ್ನನ್ನು ಬಹಳ ಹೊತ್ತು ಸುಮ್ಮನಾಗಿಸಿತು. ಆಕೆಯ ಮಾತಿನಲ್ಲಿ ತಪ್ಪಿಲ್ಲ. ಅತಿಥಿ ಶಿಕ್ಷಕರ ವಿಷಯವನ್ನು ಪ್ರತ್ಯೇಕವಾಗಿಯೇ ಚರ್ಚಿಸಬೇಕು, ಇಲ್ಲಿ ಎರಡು ಸಾಲಿನಲ್ಲಿ ಮುಗಿಸುವಂಥದ್ದಲ್ಲ.

ಹಿಂದಿನ ಬದುಕು ಗೊತ್ತಾದರೆ ಗೌರವ ಹೋಗುತ್ತದೆ ಎಂಬ ಮಾತಿಗೆ ಮಾತ್ರ ಉತ್ತರಿಸುತ್ತೇನೆ. ನಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಲೆಂದು 1935ರಲ್ಲಿ ಊರಿನಿಂದ ಬೆಂಗಳೂರಿಗೆ ನಡೆದೇ ಹೋದರು. 1942ರ ಚಳವಳಿಯಲ್ಲಿ ಓದು ನಿಲ್ಲಿಸಿ ಜೈಲಿಗೆ ಹೋದರು. ಬಿಡುಗಡೆಯಾದ ಮೇಲೆ ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಬಂದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಅವರು ನಡೆದು ಬಂದದ್ದು ಎಲ್ಲರಿಗೂ ಗೊತ್ತಿತ್ತು, ಯಾರೂ ಅದರಿಂದ ಅವರನ್ನು ಕಡಿಮೆಯಾಗಿ ಕಾಣಲಿಲ್ಲ. ನಮ್ಮ ಊರಿನ ಹುಡುಗರಿಗೆ ನಾನು ಅವರ ವಿಷಯ ಹೇಳುವಾಗ ಕುಲಪತಿಯಾದ ಮಾತು ಬಂದರೆ ಯಾರೂ ಏನೂ ಕೇಳುವುದಿಲ್ಲ. ನಡೆದ ಮಾತು ಬಂದರೆ ಮಾತ್ರ, ಎಷ್ಟು ದಿನ ಹಿಡಿಯಿತು, ರಾತ್ರಿ ಎಲ್ಲಿ ಮಲಗಿದರು, ಚಪ್ಪಲಿ ಇತ್ತೇ ಎಂದು ಕೈ ಎತ್ತುತ್ತಾರೆ.

ನಿಮ್ಮ ಹಿರಿಯ ಸಹೋದ್ಯೋಗಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಬಹುಶಃ ತಾವು ಅನುಭವಿಸಿದ್ದನ್ನೇ ನಿಮಗೆ ಹೇಳಿರುತ್ತಾರೆ, ಒಮ್ಮೆ ಕೂತು ಕೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೈಮುಗಿದು ಕೃತಜ್ಞತೆ ಹೇಳುತ್ತೇನೆ. ಚಿಂತಾಮಣಿಯ ತಂಗಿಗೆ ವಿಶೇಷವಾಗಿ, ಏಕೆಂದರೆ ನಾನು ಹೇಳಬೇಕೆಂದುಕೊಂಡಿದ್ದ ಮಾತು ಸರಿಯಾಗಿ ಆಕೆ ಬೇಡವೆಂದದ್ದೇ ಆಗಿತ್ತು. ‘ಓದಿದ್ದರಿಂದ ಪಾರಾದೆ’ ಎನ್ನುವ ವಾಕ್ಯ ನನ್ನ ಬಾಯಿಯ ತುದಿಯಲ್ಲಿತ್ತು.

ಕಥೆ ಹೇಳುವುದನ್ನು ಬಿಟ್ಟು, ಹೋದ ಶನಿವಾರ ಮನೆಯಿಂದ ಇಪ್ಪತ್ತು ಗೂಡು ತೆಗೆದುಕೊಂಡು ಹೋದೆ. ಬಿಸಿಯೂಟದ ಅಡುಗೆಯವರನ್ನು ಕೇಳಿ ಒಂದು ಪಾತ್ರೆ ಕುದಿಯುವ ನೀರು ಪಡೆದು, ಅದನ್ನು ನನ್ನ ಮೇಜಿನ ಮೇಲಿಟ್ಟುಕೊಂಡು ಗೂಡನ್ನು ನಾನೇ ಬೇಯಿಸಿ, ಆರಿದ ಮೇಲೆ ಮಕ್ಕಳ ಕೈಗೆ ಕೊಟ್ಟೆ. ಎಳೆಯ ಹೊರಗಿನ ಅಂಟು ಸೆರಿಸಿನ್, ಒಳಗಿನ ನಾರು ಫೈಬ್ರಾಯಿನ್, ಎರಡೂ ಪ್ರೋಟೀನೇ ಆದರೂ ಬಿಸಿನೀರಿಗೆ ಸಡಿಲವಾಗುವುದು ಮೊದಲನೆಯದು ಮಾತ್ರ ಎಂಬುದನ್ನು ಪುಸ್ತಕದಲ್ಲಿ ಓದಿದ್ದ ಮಕ್ಕಳು ಬೆರಳಿನಿಂದ ಮುಟ್ಟಿ ನೋಡಿದರು. ಒಂದು ಸುತ್ತಿಗೆ 30 ಸೆಂಟಿಮೀಟರ್ ಬರುವಂತೆ ರಟ್ಟು ಕತ್ತರಿಸಿ, ಒಂದೇ ಗೂಡಿನ ಎಳೆಯನ್ನು ಸರದಿಯ ಮೇಲೆ ಸುತ್ತತೊಡಗಿದೆವು. ಗಂಟೆ ಹೊಡೆದಾಗ 600 ಸುತ್ತು ಆಗಿತ್ತು, ಅಂದರೆ 180 ಮೀಟರ್, ಗೂಡು ಇನ್ನೂ ಗಟ್ಟಿಯಾಗಿಯೇ ಇತ್ತು. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್ ಎಂದು ಹೇಳಿ, ಎರಡೂವರೆ ಡೆನಿಯರಿನ ಎಳೆ 900 ಮೀಟರ್ ಇದ್ದರೆ ಎಷ್ಟು ತೂಗಬೇಕು ಎಂಬ ಲೆಕ್ಕವನ್ನು ಮನೆಗೆ ಕೊಟ್ಟೆ. ಕಾಲು ಗ್ರಾಂ ಎಂಬ ಉತ್ತರವನ್ನು ಒಂಬತ್ತು ಮಕ್ಕಳು ಸರಿಯಾಗಿ ತಂದಿದ್ದರು. ನಿಜವಾಗಿಯೂ ತೂಗಿ ನೋಡಬೇಕೆಂದು ಹಟ ಹಿಡಿದಿದ್ದಾರೆ. ಪಕ್ಕದ ಪ್ರೌಢಶಾಲೆಯ ಪ್ರಯೋಗಾಲಯದ ತಕ್ಕಡಿಯನ್ನು ಕೇಳಿದ್ದೇನೆ.

ಹಿರಿಯ ಸಹೋದ್ಯೋಗಿಯವರನ್ನೂ ಕೇಳಿದೆ. ಅವರು ಶಿಕ್ಷಕರಾಗುವ ಮೊದಲು ಎರಡು ವರ್ಷ ಹೋಟೆಲಿನಲ್ಲಿ ಲೋಟ ತೊಳೆದಿದ್ದರಂತೆ. ಮೂವತ್ತು ವರ್ಷದ ಸೇವೆಯಲ್ಲಿ ಶಾಲೆಯ ಯಾರೊಡನೆಯೂ ಅದನ್ನು ಹೇಳಿರಲಿಲ್ಲ, ನನಗೆ ಹೇಳಿದರು.

ಮಕ್ಕಳಿಗೆ ನಾನು ಏನನ್ನೂ ಹೇಳಬೇಕಾಗಿ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಕೂರುವ, ಕೇಳಿದರೂ ಉತ್ತರಿಸದ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ತುದಿ ಹಿಡಿದ ರೀತಿಯನ್ನು ಕಂಡು, ಪಾತ್ರೆಯ ಹತ್ತಿರ ಬಂದು, ‘ಮಿಸ್, ನೀರು ಇನ್ನೂ ಸ್ವಲ್ಪ ಕಾಯಬೇಕಿತ್ತು, ನಿಮಗೆ ಗೊತ್ತಲ್ವಾ?’ ಎಂದಳು. ಹೌದು, ಕಾಯಬೇಕಿತ್ತು ಎಂದೆ. ಇನ್ನೊಂದು ಗೂಡು ತೆಗೆದುಕೊಂಡು ಅವಳೇ ತುದಿ ಹಿಡಿದುಕೊಟ್ಟಳು.